ವರದಿಯ ನೆರಳು
ಹೋದ ವರ್ಷ ನಮ್ಮಾಕೆಗೆ ಎದೆನೋವು. ಥ್ಯಾಲಿಯಂ ಸ್ಕ್ಯಾನಿನಲ್ಲಿ ಹೃದಯದ ಮುಂಭಾಗಕ್ಕೆ ರಕ್ತ ಸಾಲದು ಎಂದು ಬಂತು. ಡೊಂಬಿವಲಿಯ ನಮ್ಮ ಮನೆಯಲ್ಲಿ ಮೂರು ರಾತ್ರಿ ಯಾರಿಗೂ ನಿದ್ದೆಯಿಲ್ಲ. ಕೊನೆಗೆ ಆಂಜಿಯೋಗ್ರಫಿ ಮಾಡಿಸಿದರೆ ರಕ್ತನಾಳಗಳೆಲ್ಲ ಸರಿಯಾಗಿವೆ!

ಆಮೇಲೆ ಇದರ ಚರಿತ್ರೆ ಹುಡುಕಿ ಓದಿದೆ. 1970ರ ದಶಕದಲ್ಲಿ ಬಳಕೆಗೆ ಬಂದ ಈ ಸ್ಕ್ಯಾನಿನಲ್ಲಿ, ಥ್ಯಾಲಿಯಂ ಸೂಸುವ ಕಿರಣಗಳನ್ನು ಹೆಂಗಸರ ಸ್ತನ ಸ್ವಲ್ಪ ತಡೆಯುತ್ತದೆ. ಚಿತ್ರದಲ್ಲಿ ಅದೇ ರಕ್ತದ ಕೊರತೆಯಂತೆ ಕಾಣಬಹುದು.

1979ರಲ್ಲಿ ಅಮೆರಿಕದ ವೈದ್ಯರಾದ ಡೈಮಂಡ್ ಮತ್ತು ಫಾರೆಸ್ಟರ್, 18ನೇ ಶತಮಾನದ ಪಾದ್ರಿ ಥಾಮಸ್ ಬೇಯ್ಸ್‌ನ ಗಣಿತ ಹಿಡಿದು ಒಂದು ಮಾತು ತೋರಿಸಿಕೊಟ್ಟರು: ವಯಸ್ಸು, ಗಂಡೋ ಹೆಣ್ಣೋ, ನೋವಿನ ಬಗೆ, ಇವನ್ನು ನೋಡದೆ ಫಲಿತಾಂಶವನ್ನು ಅಳೆಯಬಾರದು. ರೋಗದ ಸಾಧ್ಯತೆ ಕಡಿಮೆಯಿದ್ದವರಲ್ಲಿ 'ಪಾಸಿಟಿವ್' ಸುಳ್ಳಾಗುವ ಸಂಭವ ಹೆಚ್ಚು.

ಎದೆನೋವನ್ನು ಅಲಕ್ಷ್ಯ ಮಾಡಬೇಡಿ. ಆದರೆ ವರದಿ ನೋಡಿ ಧೈರ್ಯಗೆಡುವ ಮೊದಲು 'ಇದು ಸುಳ್ಳಿರಬಹುದೇ ಡಾಕ್ಟ್ರೇ?' ಎಂದು ಕೇಳಿ. ನಾವು ಕೇಳಿರಲಿಲ್ಲ.