ಬಾರಿ ಬಂದರು ಮುಚ್ಚಿಟ್ಟ ವಿಷ

ವಾಕಡವನ್ನು ಹಾದುಹೋಗುವ ಹೆದ್ದಾರಿ ದಕ್ಷಿಣಕ್ಕೆ ಸಾಗಿ ಬೆಳಗಾವಿಯನ್ನು ಮುಟ್ಟುತ್ತದೆ. ಅಲ್ಲಿ ಕೇಂದ್ರವಿದ್ದ ಮರಾಠಾ ರೆಜಿಮೆಂಟಿನ ಯೋಧರು 1943ರ ನವೆಂಬರ್ ಕೊನೆಯಲ್ಲಿ ಇಟಲಿಯ ಸಾಂಗ್ರೋ ನದಿಯ ಬಳಿ ಕಾದಾಡುತ್ತಿದ್ದರು. ಅವರಿದ್ದ ಬ್ರಿಟಿಷ್ ಎಂಟನೆಯ ಸೇನೆಗೆ ಸರಕು ಪೂರೈಸುತ್ತಿದ್ದ ಮುಖ್ಯ ಬಂದರು ಬಾರಿ.

ಡಿಸೆಂಬರ್ 2ರ ಸಂಜೆ ಸುಮಾರು ನೂರು ಜರ್ಮನ್ ವಿಮಾನಗಳು ಆ ಬಂದರಿನ ಮೇಲೆ ಎರಗಿದವು. ಸರಕು ಇಳಿಸುವುದಕ್ಕಾಗಿ ದೀಪಗಳು ಉರಿಯುತ್ತಲೇ ಇದ್ದವು. 25ಕ್ಕೂ ಹೆಚ್ಚು ಹಡಗುಗಳು ನಾಶವಾದವು. ಅವುಗಳಲ್ಲೊಂದು ಅಮೆರಿಕದ 'ಜಾನ್ ಹಾರ್ವೆ'. ಶತ್ರು ವಿಷಾನಿಲ ಬಳಸಿದರೆ ಪ್ರತೀಕಾರಕ್ಕಿರಲೆಂದು ಅದರಲ್ಲಿ 2,000 ಮಸ್ಟರ್ಡ್ ಬಾಂಬುಗಳನ್ನು ಗುಟ್ಟಾಗಿ ತಂದಿದ್ದರು. ವಿಷಯ ಬಲ್ಲ ಹಡಗಿನವರು ಸ್ಫೋಟದಲ್ಲೇ ಸತ್ತರು.

ವಿಷವು ನೀರಿನ ಮೇಲಿನ ಎಣ್ಣೆಯಲ್ಲಿ ಬೆರೆಯಿತು. ಈಜಿ ದಡ ಸೇರಿದ ನಾವಿಕರನ್ನು ಒದ್ದೆ ಬಟ್ಟೆಯಲ್ಲೇ ಕಂಬಳಿ ಹೊದಿಸಿ ಮಲಗಿಸಿದರು. ತೊಳೆದು ಬಟ್ಟೆ ಬದಲಿಸಿದ್ದರೆ ಅನೇಕರು ಉಳಿಯುತ್ತಿದ್ದರು. ಆದರೆ ವೈದ್ಯರಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ಗಂಟೆಗಳು ಕಳೆದಂತೆ ಕಣ್ಣು ಊದಿ ಮುಚ್ಚಿದವು, ಮೈಯೆಲ್ಲ ಬೊಬ್ಬೆಯೆದ್ದಿತು. ಆಸ್ಪತ್ರೆ ಸೇರಿದ ವಿಷಬಾಧಿತರು ಆರುನೂರಕ್ಕೂ ಹೆಚ್ಚು. ಅವರಲ್ಲಿ 83 ಮಂದಿ ಸತ್ತರು. ಊರಿನ ಸಾಮಾನ್ಯ ಜನರ ಲೆಕ್ಕವನ್ನು ಯಾರೂ ಸರಿಯಾಗಿ ಇಡಲಿಲ್ಲ.

ತನಿಖೆಗೆ ಬಂದ ಅಮೆರಿಕದ ಸೇನಾವೈದ್ಯ ಸ್ಟುವರ್ಟ್ ಅಲೆಕ್ಸಾಂಡರ್, ಸತ್ತವರು ಬಂದರಿನಲ್ಲಿ ಎಲ್ಲೆಲ್ಲಿದ್ದರೆಂಬುದನ್ನು ಗುರುತಿಸಿ ವಿಷದ ಮೂಲ ಜಾನ್ ಹಾರ್ವೆಯೇ ಎಂದು ಕಂಡುಕೊಂಡರು. ಚರ್ಚಿಲ್ ಅದನ್ನು ಒಪ್ಪಲಿಲ್ಲ. ಬ್ರಿಟಿಷ್ ದಾಖಲೆಗಳಲ್ಲಿ ಅವು ಶತ್ರುದಾಳಿಯ ಸುಟ್ಟಗಾಯಗಳಾದವು.

ಅಲೆಕ್ಸಾಂಡರ್ ಮತ್ತೊಂದನ್ನೂ ಗಮನಿಸಿದ್ದರು: ರೋಗಿಗಳ ರಕ್ತದಲ್ಲಿ ಬಿಳಿಯ ಕಣಗಳು ಥಟ್ಟನೆ ಕುಸಿದಿದ್ದವು. ಬಿಳಿಯ ಕಣಗಳನ್ನು ಕೊಲ್ಲುವ ವಸ್ತು, ಅವು ಮಿತಿಮೀರಿ ಬೆಳೆಯುವ ರೋಗಕ್ಕೆ ಔಷಧವಾಗಬಹುದಲ್ಲವೆ? ಅವರ ವರದಿ ಸೇನೆಯ ವೈದ್ಯಾಧಿಕಾರಿ ಕಾರ್ನೇಲಿಯಸ್ ರೋಡ್ಸ್ ಅವರಿಗೆ ತಲುಪಿತು. ಯುದ್ಧಾನಂತರ ರೋಡ್ಸ್ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಸಂಶೋಧನೆಯ ಮುಂದಾಳಾದರು. 1949ರಲ್ಲಿ ನೈಟ್ರೋಜನ್ ಮಸ್ಟರ್ಡ್ ಅಮೆರಿಕದಲ್ಲಿ ಔಷಧವಾಗಿ ಮಾನ್ಯವಾಯಿತು.

ಕೀಮೋಥೆರಪಿ ಬಾರಿಯಲ್ಲೇ ಹುಟ್ಟಿತೆಂಬ ಕಥೆ ಜನಪ್ರಿಯ, ಅದು ಅರ್ಧಸತ್ಯ. ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ 1942ರಲ್ಲೇ ನೈಟ್ರೋಜನ್ ಮಸ್ಟರ್ಡನ್ನು ಒಬ್ಬ ರೋಗಿಗೆ ಕೊಟ್ಟು ನೋಡಿದ್ದರು. ಅದೂ ಯುದ್ಧರಹಸ್ಯವಾಗಿದ್ದು, 1946ರಲ್ಲಿ ಹೊರಬಿತ್ತು. ಬಾರಿ ಆ ಹಾದಿಗೆ ಪುಷ್ಟಿ ಕೊಟ್ಟಿತು, ಅಷ್ಟೆ.

ಈ ವ್ಯತ್ಯಾಸ ಮುಖ್ಯ. ಔಷಧ ದೊರೆಯಿತೆಂಬ ಸಮಾಧಾನದಲ್ಲಿ ಆ ನಾವಿಕರ ಸಾವಿಗೆ ಸಾರ್ಥಕತೆಯ ಬಣ್ಣ ಬಳಿಯುವುದು ಸುಲಭ. ಅವರಿಗೆ ಅಂದು ಬೇಕಾಗಿದ್ದುದು ಒಂದು ಮಾತಿನ ಎಚ್ಚರಿಕೆ, ಸೋಪು, ನೀರು, ಒಣಬಟ್ಟೆ. ಗುಟ್ಟು ಕಾಯುವ ಭರದಲ್ಲಿ ಅವರಿಗೆ ಅವೂ ದಕ್ಕಲಿಲ್ಲ.