ಖಾಲಿ ಬಿಟ್ಟ ಆರನೆಯ ಮನೆ

ಕಳೆದ ದೀಪಾವಳಿಗೆ ಬಂದಿದ್ದ ನನ್ನ ಅಕ್ಕನ ಮೊಮ್ಮಗ ಊಟದ ನಂತರ ಒಂದು ಪ್ರಶ್ನೆ ಕೇಳಿದ. “ತಾತ, ನೀವು ಇತಿಹಾಸದ ಮೇಷ್ಟ್ರಲ್ಲವೇ? ಹಳೆಯ ಅಮೆರಿಕದಲ್ಲಿ ಆರು ಗುಂಡಿನ ರಿವಾಲ್ವರಿಗೆ ಐದೇ ಗುಂಡು ತುಂಬುತ್ತಿದ್ದರಂತೆ, ಯಾಕೆ?” ಆಗ ನಾನು ಎರಡು ವಾಕ್ಯಗಳಲ್ಲಿ ಉತ್ತರ ಹೇಳಿ ಮುಗಿಸಿದೆ. ಅವನು ಹೊರಟ ಮೇಲೆ, ಆ ಪ್ರಶ್ನೆಗೂ ನನ್ನ ಬಾಳಿನ ಒಂದು ಮಧ್ಯಾಹ್ನಕ್ಕೂ ಇರುವ ಸಂಬಂಧ ನೆನಪಾಗಿ ಆ ರಾತ್ರಿ ನಿದ್ರೆ ಬರಲಿಲ್ಲ. ಆದ್ದರಿಂದ ಈ ಬರಹ. ಮೊದಲು ಇತಿಹಾಸ ಹೇಳುತ್ತೇನೆ. ನನ್ನ ಕಥೆ ಕೊನೆಯಲ್ಲಿದೆ.

ಹದಿನೇಳನೆಯ ಶತಮಾನದ ಪಿಸ್ತೂಲಿಗೆ ಒಮ್ಮೆಗೆ ಒಂದೇ ಗುಂಡು. ನಳಿಕೆಯ ಬಾಯಿಂದ ಅಳತೆಯ ಮದ್ದು ಸುರಿದು, ಅದರ ಮೇಲೆ ಗುಂಡನ್ನಿಟ್ಟು, ಗಜದಿಂದ ತಳಮುಟ್ಟ ತಳ್ಳಬೇಕು. ಗುಂಡು ಮದ್ದಿಗೆ ತಾಗಿ ಕುಳಿತಿರಬೇಕು. ನಡುವೆ ಜಾಗ ಉಳಿದರೆ ನಳಿಕೆಯೇ ಉಬ್ಬಬಹುದು ಅಥವಾ ಸಿಡಿಯಬಹುದು. ಒಮ್ಮೆ ತುಂಬಿದ್ದನ್ನು ಮರೆತು ಮತ್ತೊಮ್ಮೆ ತುಂಬಿದರೂ ಅದೇ ಅಪಾಯ. ಬಲ್ಲವರು ಗಜದ ಮೇಲೆ ಒಂದು ಗೆರೆ ಕೊರೆದಿಟ್ಟುಕೊಂಡು, ಅದು ಎಷ್ಟು ಆಳಕ್ಕೆ ಇಳಿಯಿತೆಂದು ಪ್ರತಿಸಲವೂ ನೋಡುತ್ತಿದ್ದರು. ಕುದುರೆ ಸವಾರನ ಕೈಯಿಂದ ಗಜ ಜಾರಿಬಿದ್ದರೆ ಮತ್ತೆ ತುಂಬುವ ಮಾತೇ ಇಲ್ಲ. ಅದಕ್ಕಾಗಿ ಹತ್ತೊಂಬತ್ತನೆಯ ಶತಮಾನದ ಆರಂಭದ ಬ್ರಿಟಿಷ್ ಅಶ್ವದಳದ ಪಿಸ್ತೂಲುಗಳಲ್ಲಿ ಗಜವನ್ನು ನಳಿಕೆಗೇ ಕೀಲಿನಿಂದ ಜೋಡಿಸಿದರು.

ತುಂಬುವ ಕೆಲಸವನ್ನು ಪಾಠದಂತೆ ಕ್ರಮಬದ್ಧಗೊಳಿಸಿದವರಲ್ಲಿ ಡಚ್ಚರು ಮುಖ್ಯರು. ಯಾಕೋಬ್ ದ ಗೇನ್ ಎಂಬ ಚಿತ್ರಕಾರ ರಚಿಸಿದ ಕವಾಯತಿನ ಪುಸ್ತಕ 1607ರಲ್ಲಿ ಹೇಗ್ ನಗರದಿಂದ ಹೊರಬಂತು. ಮಸ್ಕೆಟ್ ಎಂಬ ಉದ್ದ ಕೋವಿಯನ್ನು ತುಂಬಿ ಹಾರಿಸುವ ಕೆಲಸವೊಂದನ್ನೇ ಅದರಲ್ಲಿ 43 ಭಂಗಿಗಳಾಗಿ ಒಡೆದು ತೋರಿಸಲಾಗಿದೆ. ಇಷ್ಟೊಂದು ಏಕೆ ಎಂದು ನಗು ಬರಬಹುದು. ಆದರೆ ಹೆದರಿದ ಮನಸ್ಸು ಎಣಿಕೆ ಮರೆಯುತ್ತದೆ ಎಂಬುದು ಅನುಭವದ ಮಾತು. 1863ರ ಗೆಟಿಸ್‌ಬರ್ಗ್ ಯುದ್ಧಭೂಮಿಯಲ್ಲಿ ಆಯ್ದು ತಂದ ಸುಮಾರು 27,000 ಕೋವಿಗಳಲ್ಲಿ 24,000ದಷ್ಟು ತುಂಬಿದ ಸ್ಥಿತಿಯಲ್ಲೇ ಇದ್ದವೆಂದೂ, ಅವುಗಳಲ್ಲಿ ಅರ್ಧದಷ್ಟರಲ್ಲಿ ಒಂದರ ಮೇಲೊಂದು ಎರಡು ಗುಂಡುಗಳಿದ್ದವೆಂದೂ ವರದಿಯಾಗಿದೆ. ಗದ್ದಲದಲ್ಲಿ ತಮ್ಮ ಕೋವಿ ಹಾರಿತೋ ಇಲ್ಲವೋ ಎಂಬುದೂ ಅವರಿಗೆ ತಿಳಿದಿರಲಿಲ್ಲ.

ಈಗ ರಿವಾಲ್ವರಿಗೆ ಬರೋಣ. ಅಲೆಗ್ಸಾಂಡರ್ ಫೋರ್ಸಿತ್ ಎಂಬ ಸ್ಕಾಟ್ಲೆಂಡಿನ ಪಾದ್ರಿ ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಅದರಿಂದ ಮುಂದೆ ಬಂದದ್ದೇ ಕೇಪು. ನಮ್ಮ ಮಲೆನಾಡಿನ ಹಿರಿಯರು ‘ಕೇಪಿನ ಕೋವಿ’ ಎನ್ನುತ್ತಿದ್ದುದು ಈ ಬಗೆಯದನ್ನೇ. 1836ರಲ್ಲಿ ಸ್ಯಾಮ್ಯುಯೆಲ್ ಕೋಲ್ಟ್ ತಿರುಗುವ ಉರುಳೆಯ ಪಿಸ್ತೂಲಿಗೆ ಅಮೆರಿಕದಲ್ಲಿ ಪೇಟೆಂಟ್ ಪಡೆದ. ಉರುಳೆಯಲ್ಲಿ ಸುತ್ತಲೂ ಗುಂಡಿಡುವ ಗುಳಿಗಳು. ನಮ್ಮ ಅಳಗುಳಿ ಮಣೆಯ ಲೆಕ್ಕದಲ್ಲಿ ಅವನ್ನು ‘ಮನೆ’ಗಳೆಂದು ಕರೆಯೋಣ.

ಮನೆಗಳು ಹೆಚ್ಚಿದಂತೆ ತಪ್ಪಿನ ದಾರಿಗಳೂ ಹೆಚ್ಚಿದವು. ಒಂದು ಮನೆಯ ಕಿಡಿ ಪಕ್ಕದ ಮನೆಗೆ ಹಾರಿ ಎರಡು ಮೂರು ಒಟ್ಟಿಗೆ ಸಿಡಿಯುವ ಅಪಾಯವಿತ್ತು. ಅದಕ್ಕೆಂದೇ ಗುಂಡು ಬಿಗಿಯಾಗಿ ಕೂರುವಂತೆ ಒತ್ತಿ, ಮೇಲೆ ಕೊಬ್ಬು ಸವರುತ್ತಿದ್ದರು. ಮದ್ದಿನ ಬುರುಡೆಯ ಮೂತಿಯೇ ಅಳತೆಯ ಕೊಳವೆಯಾಗಿತ್ತು. ಕಣ್ಣಂದಾಜಿಗೆ ಅಲ್ಲಿ ಜಾಗವಿರಲಿಲ್ಲ. ಕ್ಯಾಪ್ಟನ್ ಸ್ಯಾಮ್ಯುಯೆಲ್ ವಾಕರನ ಸಲಹೆಯಂತೆ 1847ರಲ್ಲಿ ತಯಾರಾದ ಕೋಲ್ಟ್ ವಾಕರ್ ಎಂಬ ಎರಡು ಕಿಲೋ ತೂಕದ ರಿವಾಲ್ವರಿನ ಒಂದೊಂದು ಮನೆಯೂ 60 ಗ್ರೇನ್, ಅಂದರೆ ಸುಮಾರು 4 ಗ್ರಾಂ ಮದ್ದು ಹಿಡಿಯುತ್ತಿತ್ತು. ಅವುಗಳಲ್ಲಿ ಕೆಲವು ಉರುಳೆಗಳು ಸಿಡಿದವು. ಲೋಹದ ದೌರ್ಬಲ್ಯದ ಜೊತೆಗೆ ಅತಿಯಾಗಿ ಮದ್ದು ತುಂಬಿದ್ದು, ಮೊನೆಯ ಗುಂಡನ್ನು ಹಿಂದುಮುಂದಾಗಿ ಇಟ್ಟದ್ದು ಕಾರಣವೆಂದು ಹೇಳುತ್ತಾರೆ. ಮರುವರ್ಷ ಬಂದ ಡ್ರಗೂನ್ ಮಾದರಿಯಲ್ಲಿ ಮನೆಯ ಆಳವನ್ನೇ ತಗ್ಗಿಸಿದರು.

ಲೋಹದ ತೋಟೆ ಬಂದ ಮೇಲೆ ಮದ್ದು, ಗುಂಡು, ಕೇಪು ಮೂರೂ ಒಂದೇ ಕವಚದೊಳಗೆ ಸೇರಿ, ಅಳತೆಯ ಚಿಂತೆ ಬಳಸುವವನಿಂದ ಕಾರ್ಖಾನೆಗೆ ಹೋಯಿತು. ಆದರೆ 1873ರ ಹೆಸರುವಾಸಿ ಕೋಲ್ಟ್ ರಿವಾಲ್ವರಿನಲ್ಲಿ ಹೊಸ ಅಪಾಯವೊಂದು ಉಳಿದಿತ್ತು. ತೋಟೆಯನ್ನು ಬಡಿಯುವ ಭಾಗಕ್ಕೆ ನಮ್ಮಲ್ಲಿ ‘ಕುದುರೆ’ ಎನ್ನುತ್ತಾರೆ. ಅದನ್ನು ಪೂರ್ತಿ ಇಳಿಸಿದಾಗ ಅದರ ಮೊನೆ ನೇರವಾಗಿ ತೋಟೆಯ ಕೇಪಿನ ಮೇಲೆ ಕೂರುತ್ತಿತ್ತು. ಪಿಸ್ತೂಲು ಕೆಳಗೆ ಬಿದ್ದು ಕುದುರೆಗೆ ಪೆಟ್ಟಾದರೆ ಸಾಕು, ಗುಂಡು ಹಾರುತ್ತಿತ್ತು.

ಇದಕ್ಕೆ ಬಳಕೆದಾರರೇ ಕಂಡುಕೊಂಡ ಕ್ರಮ ಸರಳವಾಗಿತ್ತು. ಪಕ್ಕದ ಚಿಕ್ಕ ಬಾಗಿಲು ತೆರೆದು ಒಂದು ಮನೆಗೆ ತೋಟೆ ಇಡು. ಮುಂದಿನ ಮನೆ ಬಿಡು. ಆಮೇಲೆ ನಾಲ್ಕು ಮನೆ ತುಂಬು. ಕುದುರೆಯನ್ನು ಪೂರ್ತಿ ಎಳೆದು ಮೆಲ್ಲಗೆ ಇಳಿಸು. ಹೀಗೆ ಮಾಡಿದರೆ ಖಾಲಿ ಮನೆ ತಾನಾಗಿಯೇ ಕುದುರೆಯ ಕೆಳಗೆ ಬರುತ್ತದೆ. ಒಂದು, ಬಿಡು, ನಾಲ್ಕು. ಎಣಿಕೆ ತಪ್ಪದಿದ್ದರಾಯಿತು; ಆದರೆ ಪ್ರತಿಸಲವೂ ತಪ್ಪಬಾರದು.

ವಯಟ್ ಅರ್ಪ್ ಎಂಬವನ ಹೆಸರನ್ನು ಸಿನಿಮಾ ನೋಡುವ ನಿಮ್ಮಲ್ಲಿ ಹಲವರು ಕೇಳಿರುತ್ತೀರಿ. 1876ರ ಜನವರಿಯಲ್ಲಿ ಆತ ಕಾನ್ಸಾಸಿನ ವಿಚಿಟಾ ಪಟ್ಟಣದಲ್ಲಿ ಪೊಲೀಸನಾಗಿದ್ದ. ಒಂದು ಭಾನುವಾರ ರಾತ್ರಿ ಮದ್ಯದಂಗಡಿಯ ಹಿಂಕೋಣೆಯಲ್ಲಿ ಗೆಳೆಯರೊಡನೆ ಕುಳಿತಿದ್ದಾಗ ಅವನ ರಿವಾಲ್ವರ್ ಒರೆಯಿಂದ ಜಾರಿಬಿತ್ತು. ಕುದುರೆ ಕುರ್ಚಿಗೆ ತಾಗಿರಬೇಕು, ಗುಂಡು ಹಾರಿತು. ಅದು ಅವನ ಕೋಟನ್ನು ತೂರಿ, ಗೋಡೆಗೆ ಬಡಿದು, ಛಾವಣಿಯಿಂದ ಹೊರಗೆ ಹೋಯಿತೆಂದು ಊರಿನ ಪತ್ರಿಕೆ ಬರೆಯಿತು. ಆ ದಿನ ಅವನು ಆರನೆಯ ಮನೆಯನ್ನೂ ತುಂಬಿದ್ದ. ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, 1931ರಲ್ಲಿ, ಸ್ಟುವರ್ಟ್ ಲೇಕ್ ಬರೆದ ಜೀವನಚರಿತ್ರೆ ಪ್ರಕಟವಾಯಿತು. ಅದರಲ್ಲಿ, ಅನುಭವಿಗಳು ಐದಕ್ಕಿಂತ ಹೆಚ್ಚು ಗುಂಡು ತುಂಬುವುದಿಲ್ಲ, ಕಾರಣ ಸುರಕ್ಷತೆ ಎಂದು ಅವನೇ ಹೇಳಿದಂತಿದೆ. ಲೇಕ್ ಬರೆದುದನ್ನೆಲ್ಲ ಇತಿಹಾಸಕಾರರು ಹಾಗೆಯೇ ಒಪ್ಪುವುದಿಲ್ಲ. ಆದರೂ ಆ ಮಾತು ನಿಜವಾಗಿ ಅವನದ್ದೇ ಆಗಿದ್ದರೆ, ಆ ಪಾಠವನ್ನು ಅವನಿಗೆ ಕಲಿಸಿದ್ದು ವಿಚಿಟಾದ ಕುರ್ಚಿಯೇ ಇರಬೇಕು.

ಮುಂದೆ ಈ ಎಚ್ಚರಿಕೆಯನ್ನು ಯಂತ್ರದೊಳಗೇ ಅಳವಡಿಸಿದರು. ರೂಗರ್ ಕಂಪನಿಯ 1973ರ ಹೊಸ ಮಾದರಿಯಲ್ಲಿ ಕುದುರೆಗೂ ಮೊನೆಗೂ ನಡುವೆ ಒಂದು ಪಟ್ಟಿ ಬಂತು. ಟ್ರಿಗರ್ ಎಳೆದಾಗ ಮಾತ್ರ ಅದು ಮೇಲೇರಿ ಪೆಟ್ಟನ್ನು ದಾಟಿಸುತ್ತದೆ. ಅಂಥ ರಿವಾಲ್ವರಿಗೆ ಆರನ್ನೂ ತುಂಬಬಹುದು. ಆದರೆ ತುಂಬಿದೆಯೋ ಇಲ್ಲವೋ ಎಂದು ತೆರೆದು ನೋಡುವ ಕೆಲಸವನ್ನು ಯಾವ ಪಟ್ಟಿಯೂ ಮಾಡುವುದಿಲ್ಲ.

ಈಗ ನನ್ನ ಕಥೆ. 1990ರ ದಶಕದ ಆರಂಭದಲ್ಲಿ ನಾನು ಶಾಲೆಯ ಎನ್.ಸಿ.ಸಿ. ಹೊಣೆ ಹೊತ್ತಿದ್ದೆ. ವಾರ್ಷಿಕ ಶಿಬಿರದಲ್ಲಿ ಪಾಯಿಂಟ್ ಟೂಟೂ ರೈಫಲಿನಿಂದ ಗುರಿ ಅಭ್ಯಾಸ. ತಲೆಗೆ ಐದು ಗುಂಡು, ಒಂದೊಂದಾಗಿ ತುಂಬಿ ಹಾರಿಸಬೇಕು. ಮುಗಿದ ಮೇಲೆ ‘ಖಾಲಿ ಕರ್’, ಆಮೇಲೆ ‘ಜಾಂಚ್ ಶಸ್ತ್ರ’ ಎಂಬ ಆದೇಶ. ಆಗ ಬೋಲ್ಟ್ ತೆರೆದು, ಒಳಗೆ ಏನೂ ಇಲ್ಲವೆಂದು ಒಬ್ಬೊಬ್ಬರದನ್ನೂ ಕಣ್ಣಾರೆ ನೋಡಬೇಕು. ಬೆಳಗಿನಿಂದ ನೂರಾರು ಸಲ ನೋಡಿದ್ದೆ. ಒಂದರಲ್ಲೂ ಗುಂಡು ಉಳಿದಿರಲಿಲ್ಲ. ಕೊನೆಯ ತಂಡದ ಹೊತ್ತಿಗೆ ಮಳೆ ಕವಿದಿತ್ತು. ಹವಾಲ್ದಾರರು ಲೆಕ್ಕದ ಪುಸ್ತಕ ತರಲು ಆಚೆ ಹೋಗಿದ್ದರು. ನಾನು, “ಸಾಕು, ಏಳಿ, ಏಳಿ, ಮಳೆ ಬಂತು” ಎಂದುಬಿಟ್ಟೆ.

ಒಬ್ಬ ಹುಡುಗ ಐದನೆಯ ಗುಂಡನ್ನು ಹಾರಿಸಿರಲಿಲ್ಲ. ಅವಸರದಲ್ಲಿ ಎದ್ದಾಗ ಬೆರಳು ತಾಗಿತು. ಗುಂಡು ಪಕ್ಕದ ಹುಡುಗನ ಬೂಟಿನಿಂದ ಒಂದು ಮೊಳ ದೂರದಲ್ಲಿ ಕೆಸರಿಗೆ ಇಳಿಯಿತು.

ಯಾರಿಗೂ ಗಾಯವಾಗಲಿಲ್ಲ. ನಾನು ಆ ಹುಡುಗನಿಗೆ ಎಲ್ಲರೆದುರು ಕಪಾಳಕ್ಕೆ ಹೊಡೆದೆ. ಉಳಿದ ದಿನಗಳ ಗುರಿ ಅಭ್ಯಾಸದಿಂದ ಅವನನ್ನು ಹೊರಗಿಟ್ಟೆ. ಓಡಿಬಂದ ಹವಾಲ್ದಾರರು ನನ್ನನ್ನು ಮೆಲ್ಲಗೆ ಕೇಳಿದ್ದು ಒಂದೇ ಪ್ರಶ್ನೆ: “ಸಾಬ್, ಜಾಂಚ್ ಶಸ್ತ್ರ ಹೇಳಿದ್ರಾ?”

ನಾನು ಉತ್ತರ ಕೊಡಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಮಳೆಯಲ್ಲೇ ತಂಡವನ್ನು ಸಾಲಾಗಿ ನಿಲ್ಲಿಸಿ, ಆ ಎರಡೂ ಆದೇಶಗಳನ್ನು ಮೊದಲಿನಿಂದ ಮಾಡಿಸಿ, ಪ್ರತಿ ರೈಫಲಿನೊಳಗೂ ಇಣುಕಿ ನೋಡಿ ಕಳಿಸಿದರು.

ಐದು ಗುಂಡು ತುಂಬುವವರ ಗುಟ್ಟು ನನಗೆ ಅರ್ಥವಾದದ್ದು ಅಂದು. ಅಗತ್ಯವಿದೆ ಎನಿಸಿದಾಗ ಎಚ್ಚರ ವಹಿಸುವುದು ಎಲ್ಲರಿಗೂ ಬರುತ್ತದೆ. ನೂರು ಸಲ ಖಾಲಿಯಿದ್ದುದನ್ನು ನೂರಾ ಒಂದನೆಯ ಸಲವೂ ತೆರೆದು ನೋಡುವುದು ಕಷ್ಟ. ಗ್ಯಾಸ್ ಒಲೆಯ ಕೀಲಿಯಿರಲಿ, ಮಗುವಿಗೆ ಕೊಡುವ ಔಷಧಿಯ ಸೀಸೆಯ ಚೀಟಿಯಿರಲಿ, ಮಾತು ಇದೇ.

ಆ ಹುಡುಗ ಈಗ ಐವತ್ತರ ಹತ್ತಿರ ಇರಬೇಕು. ಅವನ ಹೆಸರು ನನಗೆ ಚೆನ್ನಾಗಿ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಅಪ್ಪಾ, ಇದನ್ನು ನೀನು ಓದುತ್ತಿದ್ದರೆ ತಿಳಿ: ಅಂದಿನ ತಪ್ಪು ನಿನ್ನದಲ್ಲ, ನನ್ನದು. ಆ ಪೆಟ್ಟು ನನಗೆ ಸಲ್ಲಬೇಕಾದದ್ದು. ಇಷ್ಟು ತಡವಾಗಿ ಹೇಳುತ್ತಿದ್ದೇನೆ, ಕ್ಷಮಿಸು. ಒಮ್ಮೆ ಮನೆಗೆ ಬಾ.