ಹಾಳೂರಿನ ಇಬ್ಬರು ಪ್ರತಿನಿಧಿಗಳು

‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯನ್ನು ನಮ್ಮ ನಾಡಿನಲ್ಲಿ ಕೇಳದವರಿಲ್ಲ. ಊರು ಎಷ್ಟೇ ಹಾಳಾಗಲಿ, ಗೌಡಿಕೆ ನಡೆಯಬೇಕಾದರೆ ಅಲ್ಲಿ ಒಬ್ಬನಾದರೂ ಉಳಿದಿರಬೇಕೆಂಬುದು ಆ ಗಾದೆಯಲ್ಲಿ ಅಡಗಿರುವ ನಿಯಮ. ಇಂಗ್ಲೆಂಡು ದೇಶದಲ್ಲಿ ಈ ನಿಯಮವನ್ನೂ ಮೀರಿದ ಒಂದು ಹಾಳೂರಿತ್ತು. ಅಲ್ಲಿ ಉಳಿದವನು ಒಬ್ಬನೂ ಇರಲಿಲ್ಲ. ಆದರೂ ಆ ಊರಿಗೆ ಇಬ್ಬರು ಗೌಡರಿದ್ದರು. ಅವರು ಆ ಊರಿನಲ್ಲಿ ವಾಸಿಸುತ್ತಿರಲಿಲ್ಲ. ಲಂಡನ್ನಿನ ಪಾರ್ಲಿಮೆಂಟು ಸಭೆಯಲ್ಲಿ ಕುಳಿತು ಆ ರಾಜ್ಯಕ್ಕೂ, ಕಾಲಕ್ರಮದಲ್ಲಿ ನಮ್ಮ ದೇಶಕ್ಕೂ, ಶಾಸನಗಳನ್ನು ಮಾಡುತ್ತಿದ್ದರು. ಆ ಹಾಳೂರಿನ ಹೆಸರು ಓಲ್ಡ್ ಸೇರಂ. ಎಂದರೆ ಹಳೆಯ ಸೇರಂ.

ಇಂಗ್ಲೆಂಡಿನ ಚರಿತ್ರೆಯನ್ನು ಶಾಲೆಯಲ್ಲಿ ಅಭ್ಯಾಸ ಮಾಡಿದವರು ಈ ಹೆಸರನ್ನು ‘ಕೊಳೆತ ಕ್ಷೇತ್ರಗಳು’ ಎಂಬ ಪ್ರಕರಣದಲ್ಲಿ ಓದಿರುತ್ತಾರೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದೇ ಪಂಕ್ತಿ. ಜನರಿಲ್ಲದ ಊರಿಗೆ ಇಬ್ಬರು ಸದಸ್ಯರು ಎಂದು ಹೇಳಿ ಉಪಾಧ್ಯಾಯನು ನಗುವನು, ಹುಡುಗರೂ ನಗುವರು, ಪಾಠವು ಮುಂದಕ್ಕೆ ಸಾಗುವುದು. ಆ ಹಾಳೂರನ್ನು ಎರಡು ಬಾರಿ ಕ್ರಯಕ್ಕೆ ಕೊಂಡ ದ್ರವ್ಯವು ಎಲ್ಲಿಂದ ಬಂದಿತೆಂಬುದನ್ನು ವಿಚಾರಿಸಿದರೆ ನಮಗೆ ನಗು ಬರುವುದು ಕಷ್ಟ. ಅದನ್ನು ವಾಚಕರ ಮುಂದಿಡುವುದಕ್ಕಾಗಿಯೇ ಈ ಲೇಖನ.

ಮೊದಲು ಸ್ಥಳದ ವಿಚಾರ. ಇಂಗ್ಲೆಂಡಿನ ದಕ್ಷಿಣಭಾಗದ ವಿಲ್ಟ್‌ಷಯರ್ ಪ್ರಾಂತದಲ್ಲಿ ಸಾಲ್ಸ್‌ಬರಿ ಎಂಬ ನಗರವಿದೆ. ಅದಕ್ಕೆ ಉತ್ತರದಲ್ಲಿ ಸುಮಾರು ಎರಡು ಮೈಲಿಗಳ ದೂರದಲ್ಲಿ ಒಂದು ದಿಣ್ಣೆ. ಅದರ ಸುತ್ತಲೂ ಮಣ್ಣಿನ ಮಹಾಪ್ರಾಕಾರ ಮತ್ತು ಕಂದಕಗಳು. ಇವು ಕ್ರಿಸ್ತಶಕಕ್ಕೆ ಮುಂಚಿನವು. ರೋಮನರು ಬಂದಾಗ ಅವರ ಹೆದ್ದಾರಿಗಳು ಇಲ್ಲಿ ಕೂಡಿದುವು. ಮುಂದೆ 1066ರಲ್ಲಿ ಇಂಗ್ಲೆಂಡನ್ನು ಜಯಿಸಿದ ನಾರ್ಮನ್ ದೊರೆ ವಿಲಿಯಂ ಈ ದಿಣ್ಣೆಯ ನಡುವೆ ಕೋಟೆಯನ್ನು ಕಟ್ಟಿಸಿದನು. 1086ರಲ್ಲಿ ತನ್ನ ರಾಜ್ಯದ ಪ್ರಮುಖ ಭೂಸ್ವಾಮಿಗಳನ್ನು ಇಲ್ಲಿಗೆ ಕರೆಯಿಸಿ, ಅವರಿಂದ ತನಗೆ ನಿಷ್ಠೆಯ ಪ್ರಮಾಣವನ್ನು ಮಾಡಿಸಿಕೊಂಡನು. 1092ರಲ್ಲಿ ಕೋಟೆಯ ಪಕ್ಕದಲ್ಲಿಯೇ ಒಂದು ಮಹಾದೇವಾಲಯವು ಪ್ರತಿಷ್ಠಿತವಾಯಿತು. ಪ್ರತಿಷ್ಠೆಯಾದ ಐದನೆಯ ದಿನವೇ ಬಿರುಗಾಳಿಯು ಅದನ್ನು ಹೊಡೆದು ಕೆಡವಿತಂತೆ. ಶಕುನವನ್ನು ನಂಬುವವರು ಈ ವೃತ್ತಾಂತವನ್ನು ನೆನಪಿಡಬಹುದು.

ಹೀಗೆ ರಾಜಶಕ್ತಿ, ಧರ್ಮಪೀಠ, ಪೇಟೆ ಮೂರೂ ಕೂಡಿದ್ದ ಊರು ಹಾಳಾದುದು ಯುದ್ಧದಿಂದಲ್ಲ, ಕ್ಷಾಮದಿಂದಲ್ಲ; ನೀರಿನ ಅಭಾವದಿಂದ, ಗಾಳಿಯ ಉಪಟಳದಿಂದ, ಕೋಟೆಯ ದಂಡಿನವರಿಗೂ ದೇವಾಲಯದ ಪಾದ್ರಿಗಳಿಗೂ ಇದ್ದ ಕಲಹದಿಂದ. ಬಿಷಪ್ ರಿಚರ್ಡ್ ಪೂರ್ ಎಂಬಾತನು ಪೋಪನ ಅಪ್ಪಣೆಯನ್ನು ಪಡೆದು, 1220ರಲ್ಲಿ ಕೆಳಗಿನ ಬಯಲಿನಲ್ಲಿ, ನದಿಯ ದಡದಲ್ಲಿ, ಹೊಸ ದೇವಾಲಯಕ್ಕೆ ಅಸ್ತಿಭಾರವನ್ನು ಹಾಕಿಸಿದನು. ಇಂದು ಸಾಲ್ಸ್‌ಬರಿಯ ಕೆಥೀಡ್ರಲ್ ಎಂದು ಪ್ರಸಿದ್ಧವಾಗಿರುವುದು ಅದೇ. ದೇವರು ಹೋದ ಹಾದಿಯಲ್ಲಿ ವರ್ತಕರೂ ಕುಶಲಕರ್ಮಿಗಳೂ ಇಳಿದುಹೋದರು. 1331ರಲ್ಲಿ ಹಳೆಯ ದೇವಾಲಯದ ಕಲ್ಲುಗಳನ್ನು ಕಿತ್ತು ಹೊಸದರ ಆವರಣದ ಗೋಡೆಗೆ ಉಪಯೋಗಿಸಲು ದೊರೆಯ ಅನುಮತಿಯೂ ದೊರೆಯಿತು. ಎರಡು ಶತಮಾನಗಳ ತರುವಾಯ ಕೋಟೆಯ ಕಲ್ಲುಗಳಿಗೂ ಅದೇ ಗತಿಯಾಯಿತು. ಸ್ಯಾಮ್ಯುಅಲ್ ಪೀಪ್ಸ್ ಎಂಬ ಪ್ರಸಿದ್ಧ ದಿನಚರಿಕಾರನು 1668ರಲ್ಲಿ ಈ ಮಾರ್ಗವಾಗಿ ಪ್ರಯಾಣ ಮಾಡುತ್ತ ದಿಣ್ಣೆಯ ಒಳಹೊಕ್ಕು ನೋಡಿ, ಇರುಳ ಹೊತ್ತಿನಲ್ಲಿ ಇಂತಹ ನಿರ್ಜನವಾದ ಮಹಾಕೋಟೆಯ ಮಧ್ಯದಲ್ಲಿ ತಾನೊಬ್ಬನೇ ಇರುವುದನ್ನು ಕಂಡು ಭಯಪಟ್ಟುದಾಗಿ ಬರೆದಿದ್ದಾನೆ.

ನಮ್ಮ ಕಂದಾಯದ ಲೆಕ್ಕಗಳಲ್ಲಿ ‘ಬೇಚರಾಕ್ ಗ್ರಾಮ’ ಎಂಬ ಮಾತುಂಟು. ದೀಪ ಹಚ್ಚುವವರಿಲ್ಲದ ಊರು ಎಂದು ಅದರ ಅರ್ಥ. ಅಂತಹ ಗ್ರಾಮವು ಲೆಕ್ಕದಲ್ಲಿ ಮಾತ್ರ ಜೀವಿಸಿರುತ್ತದೆ. ಓಲ್ಡ್ ಸೇರಮ್ಮಿನ ಸ್ಥಿತಿಯೂ ಹಾಗೆಯೇ. 1295ರಲ್ಲಿ ಈ ಊರಿನಿಂದ ಇಬ್ಬರು ಪ್ರತಿನಿಧಿಗಳು ಪಾರ್ಲಿಮೆಂಟಿಗೆ ಬರಬೇಕೆಂದು ರಾಜಾಜ್ಞೆಯಾಯಿತು. ಆಗಲೇ ಊರಿನ ಬಹುಭಾಗವು ಬಯಲಿಗೆ ಇಳಿದಿತ್ತೆಂಬುದು ವಿಚಾರಾರ್ಹವಾದ ಸಂಗತಿ. ಮುಂದೆ ಊರು ಪೂರ್ತಿಯಾಗಿ ಅಳಿದರೂ ಆಜ್ಞಾಪತ್ರವು ಬರುತ್ತಲೇ ಇತ್ತು. ಕೆಳಗಿನ ಹೊಸ ಊರಿಗೆ ಬೇರೆ ಇಬ್ಬರು ಸದಸ್ಯರು. ಒಮ್ಮೆ ಕೊಟ್ಟ ಹಕ್ಕನ್ನು ಹಿಂದಕ್ಕೆ ತೆಗೆದುಕೊಳ್ಳುವ ಪದ್ಧತಿ ಆಂಗ್ಲರಲ್ಲಿ ಇರಲಿಲ್ಲವೆಂದು ಅವರ ಚರಿತ್ರಕಾರರು ಹೆಮ್ಮೆಯಿಂದ ಹೇಳುವರು. ನನ್ನ ಅಭಿಪ್ರಾಯದಲ್ಲಿ, ಆ ಹಕ್ಕು ಯಾರಿಗೋ ಒಬ್ಬರಿಗೆ ಯಾವಾಗಲೂ ಉಪಯೋಗಕ್ಕೆ ಬೀಳುತ್ತಿದ್ದುದರಿಂದಲೇ ಅದು ಉಳಿಯಿತು.

ಜನರಿಲ್ಲದಿದ್ದರೆ ಮತ ಹಾಕುತ್ತಿದ್ದವರು ಯಾರು ಎಂದು ವಾಚಕರು ಕೇಳಬಹುದು. ಅಲ್ಲಿನ ಮತದ ಹಕ್ಕು ಮನುಷ್ಯನಿಗೆ ಸೇರಿದುದಲ್ಲ, ನೆಲಕ್ಕೆ ಸೇರಿದುದು. ಹಿಂದೆ ಮನೆಗಳಿದ್ದ ಕೆಲವು ನಿವೇಶನಗಳಿಗೆ ಬರ್ಗೇಜ್ ಎಂದು ಹೆಸರು. ಅದನ್ನು ಯಾರು ಹೊಂದಿರುವರೋ ಅವರು ಮತದಾರರು; ಅಲ್ಲಿ ವಾಸವಾಗಿರಬೇಕೆಂಬ ನಿರ್ಬಂಧವಿಲ್ಲ, ಮನೆಯಿರಬೇಕೆಂಬ ನಿರ್ಬಂಧವೂ ಇಲ್ಲ. ಈ ನಿವೇಶನಗಳೆಲ್ಲವೂ ಒಬ್ಬನೇ ಭೂಸ್ವಾಮಿಯ ಕೈ ಸೇರಿದುವು. ಒಬ್ಬನು ಒಂದೇ ಮತವನ್ನು ಹಾಕಬಹುದಾದ್ದರಿಂದ, ಚುನಾವಣೆ ಬಂದಾಗ ಅವನು ತನ್ನ ವಕೀಲ, ಬಂಧು, ಆಶ್ರಿತ ಮುಂತಾದವರ ಹೆಸರಿಗೆ ಒಂದೊಂದು ನಿವೇಶನವನ್ನು ಬರೆದುಕೊಡುವನು. ಚುನಾವಣೆ ಮುಗಿದ ಮೇಲೆ ಅವರು ಅದನ್ನು ಹಿಂದಕ್ಕೆ ಬರೆದುಕೊಡುವರು. ಇದು ನಮ್ಮಲ್ಲಿನ ಬೇನಾಮಿ ವ್ಯವಹಾರವೇ ಸರಿ. ಭೇದವೆಂದರೆ, ನಮ್ಮವರು ಇದನ್ನು ಮುಚ್ಚಿಡುವರು, ಅವರು ಬಯಲಿನಲ್ಲಿ ನಡೆಸುತ್ತಿದ್ದರು. ‘ಬಯಲಿನಲ್ಲಿ’ ಎಂಬುದು ಅಲಂಕಾರದ ಮಾತಲ್ಲ. ದಿಣ್ಣೆಯ ಕೆಳಗಿನ ಹೊಲದಲ್ಲಿ ಒಂದು ಎಲ್ಮ್ ಮರವಿತ್ತು. ಸಭಾಗೃಹವಿಲ್ಲದ ಕಾರಣ ಆ ಮರದ ಬುಡದಲ್ಲಿಯೇ ಚುನಾವಣೆ ನಡೆಯುತ್ತಿತ್ತು. ಜನರು ಅದನ್ನು ‘ಪಾರ್ಲಿಮೆಂಟು ಮರ’ ಎಂದು ಕರೆಯುತ್ತಿದ್ದರು. 1831ರ ಲೆಕ್ಕದಂತೆ ಮತದಾರರು ಹನ್ನೊಂದು ಮಂದಿ. ಅವರಲ್ಲಿ ಸ್ಥಳವಾಸಿ ಒಬ್ಬನೂ ಇಲ್ಲ.

ಇನ್ನು ಹಣದ ಕಥೆ. ತಾಮಸ್ ಪಿಟ್ ಎಂಬಾತನು ಡಾರ್ಸೆಟ್ ಪ್ರಾಂತದ ಒಬ್ಬ ಪಾದ್ರಿಯ ಮಗ. ತರುಣನಾಗಿರುವಾಗಲೇ ಹಡಗನ್ನೇರಿ ಓಡ್ರದೇಶದ ಬಾಲಸೋರಿಗೆ ಬಂದು, ಈಸ್ಟ್ ಇಂಡಿಯಾ ಕುಂಪಣಿಯ ಸನ್ನದಿಗೆ ವಿರೋಧವಾಗಿ ಸ್ವಂತ ವ್ಯಾಪಾರ ನಡೆಸಿದನು. ಕುಂಪಣಿಯವರು ಅವನನ್ನು ಹಿಡಿಸಿದರು, ದಂಡ ಹಾಕಿಸಿದರು, ಅವನು ಬಿಡಲಿಲ್ಲ. ಹೀಗೆ ಕೂಡಿಸಿದ ಹಣದಿಂದ 1691ರಲ್ಲಿ ಸಾಲ್ಸ್‌ಬರಿಯ ಅರ್ಲ್ ಪ್ರಭುವಿನಿಂದ ಓಲ್ಡ್ ಸೇರಮ್ಮನ್ನು ಕೊಂಡುಕೊಂಡನು. ದಂಡದಿಂದ ಜಗ್ಗದವನನ್ನು ಒಳಕ್ಕೆ ಸೇರಿಸಿಕೊಳ್ಳುವುದೇ ಲೇಸೆಂದು ಕುಂಪಣಿಯವರಿಗೆ ತೋರಿತು. ಅವನನ್ನೇ ಮದರಾಸಿನ ಸೇಂಟ್ ಜಾರ್ಜ್ ಕೋಟೆಗೆ ಗೌರ್ನರನನ್ನಾಗಿ ಮಾಡಿದರು. 1698ರಿಂದ 1709ರವರೆಗೆ ಅವನು ಆ ಅಧಿಕಾರದಲ್ಲಿದ್ದನು.

ಅಲ್ಲಿದ್ದಾಗ ಜಾಮಚಂದನೆಂಬ ರತ್ನವರ್ತಕನಿಂದ ಅವನು ಒಂದು ವಜ್ರವನ್ನು ಕೊಂಡನು. ಕೃಷ್ಣಾತೀರದ ಕೊಲ್ಲೂರು ಗಣಿಯಿಂದ ಬಂದುದೆಂದು ಹೇಳಲಾಗುವ ಆ ಹರಳಿನ ತೂಕ 410 ಕ್ಯಾರಟ್. ಬೆಲೆ 48,000 ಪಗೋಡ. ಆಂಗ್ಲರ ಪಗೋಡವೆಂದರೆ ನಮ್ಮ ವರಹವೇ. ಇಂಗ್ಲೆಂಡಿನಲ್ಲಿ ಅದನ್ನು ಕೊರೆಯಿಸಿ, 1717ರಲ್ಲಿ ಫ್ರಾನ್ಸಿನ ರಾಜಪ್ರತಿನಿಧಿಯಾಗಿದ್ದ ಆರ್ಲಿಯನ್ಸಿನ ಡ್ಯೂಕನಿಗೆ ಸುಮಾರು 1,35,000 ಪೌಂಡುಗಳಿಗೆ ಮಾರಿದನು. ಕೊಂಡ ಬೆಲೆಯು ಸುಮಾರು 20,000 ಪೌಂಡು ಎಂದರೆ ಲಾಭವನ್ನು ವಾಚಕರೇ ಗಣಿಸಬಹುದು. ವಜ್ರವು ಈಗ ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿದೆ. ಈ ವಜ್ರದ ಹಣದಿಂದಲೇ ಪಿಟ್ಟನು ಓಲ್ಡ್ ಸೇರಮ್ಮನ್ನು ಕೊಂಡನೆಂದು ಕೆಲವರು ಬರೆಯುವುದುಂಟು. ಕಾಲಗಣನೆಯು ಅದಕ್ಕೆ ಅವಕಾಶ ಕೊಡುವುದಿಲ್ಲ. ವಜ್ರಕ್ಕೆ ಹತ್ತು ವರ್ಷ ಮುಂಚೆಯೇ ಊರು ಅವನದಾಗಿತ್ತು. ವಜ್ರವು ಮಾಡಿದ ಉಪಕಾರವೇನೆಂದರೆ, ಪಿಟ್ ಮನೆತನವನ್ನು ಆ ದೇಶದ ಶ್ರೀಮಂತರ ಪಂಕ್ತಿಗೆ ಏರಿಸಿ ಕೂರಿಸಿದುದು.

ಅವನ ಮೊಮ್ಮಗನೇ ವಿಲಿಯಂ ಪಿಟ್. ಮುಂದೆ ಚ್ಯಾಟಮ್ ಪ್ರಭುವೆಂದು ಖ್ಯಾತನಾದ ಮಹಾಮಂತ್ರಿ. 1735ರಲ್ಲಿ ತನ್ನ ಇಪ್ಪತ್ತಾರನೆಯ ವಯಸ್ಸಿನಲ್ಲಿ ಅವನು ಪಾರ್ಲಿಮೆಂಟನ್ನು ಹೊಕ್ಕಿದುದು ಓಲ್ಡ್ ಸೇರಮ್ಮಿನ ಪ್ರತಿನಿಧಿಯಾಗಿ, ಅಣ್ಣನ ಅನುಗ್ರಹದಿಂದ. ಹನ್ನೆರಡು ವರ್ಷ ಅದೇ ಸ್ಥಾನದಲ್ಲಿದ್ದನು. ಇಂತಹ ಕ್ಷೇತ್ರಗಳಿಲ್ಲದಿದ್ದರೆ ಇಂತಹ ಪ್ರತಿಭಾವಂತರು ಸಭೆಗೆ ಬರುತ್ತಿರಲಿಲ್ಲವೆಂದು ಹಳೆಯ ಪದ್ಧತಿಯ ಪಕ್ಷಪಾತಿಗಳು ಬಹುಕಾಲ ವಾದಿಸಿದರು. ವಾದದಲ್ಲಿ ಸತ್ಯಾಂಶವಿಲ್ಲವೆಂದು ಹೇಳಲಾರೆ. ಆದರೆ ಆ ಪ್ರತಿಭಾವಂತನೇ 1766ರಲ್ಲಿ, ಅಮೆರಿಕದ ವಸಾಹತುಗಳ ಮೇಲೆ ತೆರಿಗೆ ಹೇರುವ ವಿಷಯದಲ್ಲಿ ಮಾತನಾಡುತ್ತ, ಇಂತಹ ಕ್ಷೇತ್ರಗಳು ರಾಜ್ಯಾಂಗದ ಕೊಳೆತ ಅಂಗವೆಂದೂ, ತಾನಾಗಿ ಉದುರದಿದ್ದರೆ ಅದನ್ನು ಕತ್ತರಿಸಬೇಕಾಗುವುದೆಂದೂ ನುಡಿದನು. ಅವನ ಮಗ, ಚಿಕ್ಕ ಪಿಟ್ಟನು, 1785ರಲ್ಲಿ ಪ್ರಧಾನಮಂತ್ರಿಯಾಗಿದ್ದಾಗ ಮೂವತ್ತಾರು ಕ್ಷೇತ್ರಗಳನ್ನು ಪರಿಹಾರದ್ರವ್ಯ ಕೊಟ್ಟು ರದ್ದುಮಾಡಲು ಮಸೂದೆ ತಂದನು. 174ಕ್ಕೆ 248 ಮತಗಳಿಂದ ಸೋತನು. ಹಿಂದಿನ ವರ್ಷವೇ ಭಾರತದ ಆಡಳಿತದ ಮೇಲಿನ ಅವನ ಮಸೂದೆಯು ಸಭೆಯಲ್ಲಿ ನಿರಾಯಾಸವಾಗಿ ಅಂಗೀಕೃತವಾಗಿತ್ತು. ಪರರ ಮನೆಯನ್ನು ತಿದ್ದುವುದು ಸುಲಭ.

ಪಿಟ್ ಮನೆತನದ ಕೊನೆಯ ಸ್ವಾಮಿಯಾದ ಎರಡನೆಯ ಕ್ಯಾಮೆಲ್‌ಫರ್ಡ್ ಪ್ರಭು ಸ್ವಲ್ಪ ಉನ್ಮತ್ತ. 1801ರಲ್ಲಿ ಸರ್ಕಾರಕ್ಕೆ ಕಣ್ಣುರಿಯಾಗಿದ್ದ ಹಾರ್ನ್ ಟೂಕ್ ಎಂಬ ಪಾದ್ರಿಯನ್ನು ಓಲ್ಡ್ ಸೇರಮ್ಮಿನಿಂದ ಕಳುಹಿಸಿದನು. ಪಾದ್ರಿಗಳು ಸದಸ್ಯರಾಗಕೂಡದೆಂದು ಸರ್ಕಾರವು ಆ ವರ್ಷವೇ ಒಂದು ಶಾಸನ ಮಾಡಬೇಕಾಯಿತು. ಅದು ರದ್ದಾದುದು 2001ರಲ್ಲಿ! ಮನುಷ್ಯರಿಲ್ಲದ ಊರು ದೇಶಕ್ಕೆ ಇನ್ನೂರು ವರ್ಷ ಬಾಳುವ ಕಾನೂನನ್ನು ತಂದುಕೊಟ್ಟಿತು.

1802ರಲ್ಲಿ ಊರು ಮತ್ತೆ ವಿಕ್ರಯಕ್ಕೆ ಬಂದಿತು. ಕೊಂಡವನು ಐರ್ಲೆಂಡಿನ ಎರಡನೆಯ ಕಲೆಡನ್ ಪ್ರಭು. ಭೂಮಿಯ ಹುಟ್ಟುವಳಿಗೆ ಹೋಲಿಸಿದರೆ ಅವನು ತೆತ್ತ ಬೆಲೆಯು ಹಾಸ್ಯಾಸ್ಪದವಾದಷ್ಟು ಅಧಿಕ, ಕೊಂಡುದು ಹುಲ್ಲನ್ನಲ್ಲವಷ್ಟೆ. ಇವನ ಐಶ್ವರ್ಯದ ಮೂಲವನ್ನು ನೋಡಿದರೆ ಮತ್ತೆ ಮದರಾಸು! ತಂದೆಯಾದ ಜೇಮ್ಸ್ ಅಲೆಗ್ಸಾಂಡರ್ ಕುಂಪಣಿಯ ನೌಕರನಾಗಿ 1752ರಲ್ಲಿ ಮದರಾಸಿಗೆ ಬಂದು, ತರುವಾಯ ಬಂಗಾಳದಲ್ಲಿಯೂ ಅಧಿಕಾರ ನಡೆಸಿ, ಇಪ್ಪತ್ತು ವರ್ಷಗಳಲ್ಲಿ ಅಪಾರ ದ್ರವ್ಯದೊಡನೆ ಮರಳಿದನು. 96,400 ಪೌಂಡು ಕೊಟ್ಟು ಕಲೆಡನ್ ಜಮೀನನ್ನು ಕೊಂಡು ಪ್ರಭುಪದವಿಗೇರಿದನು. ಮಗನ ನಾಮಧೇಯ ಡು ಪ್ರೇ ಅಲೆಗ್ಸಾಂಡರ್. ಈ ಹೆಸರು ಕನ್ನಡಿಗರಿಗೆ ತೀರ ಅಪರಿಚಿತವಾಗಬಾರದು. 1769ರಲ್ಲಿ ಹೈದರಾಲಿಯು ಮಿಂಚಿನ ವೇಗದಿಂದ ಮದರಾಸಿನ ಹೊರವಲಯವನ್ನು ಮುಟ್ಟಿದಾಗ, ಅವನೊಡನೆ ಸಂಧಿಯ ಮಾತುಕತೆಗಾಗಿ ಕೋಟೆಯಿಂದ ಬಂದವನು ಜೋಸಯಸ್ ಡು ಪ್ರೇ. ಮರುವರ್ಷ ಅವನೇ ಮದರಾಸಿನ ಗೌರ್ನರನಾದನು. ಜೇಮ್ಸ್ ಅಲೆಗ್ಸಾಂಡರನ ಸಹೋದರಿಯನ್ನು ವಿವಾಹವಾಗಿದ್ದವನು ಇವನೇ. ಆ ಸೋದರತ್ತೆಯ ಗಂಡನ ಮನೆತನದ ಹೆಸರನ್ನು ಹೊತ್ತವನು ಓಲ್ಡ್ ಸೇರಮ್ಮಿನ ಕೊನೆಯ ಯಜಮಾನನಾದನು.

1831ರ ಮಾರ್ಚಿಯಲ್ಲಿ ಲಾರ್ಡ್ ಜಾನ್ ರಸೆಲ್ ಸುಧಾರಣೆಯ ಮಸೂದೆಯನ್ನು ಮಂಡಿಸಿದನು. ದೂರದೇಶದ ಪರೀಕ್ಷಕನೊಬ್ಬನನ್ನು ಕರೆತಂದು ಹಸುರು ದಿಬ್ಬವೊಂದನ್ನು ತೋರಿಸಿ ‘ಇದು ಇಬ್ಬರು ಸದಸ್ಯರನ್ನು ಕಳುಹಿಸುತ್ತದೆ’ ಎಂದರೆ ಅವನು ಏನೆಂದಾನು ಎಂದು ಸಭೆಯನ್ನು ಕೇಳಿದನು. ಅಂದು ಲಕ್ಷಕ್ಕೂ ಮಿಕ್ಕಿದ ಜನವಿದ್ದ ಮ್ಯಾಂಚೆಸ್ಟರಿಗೆ ಒಬ್ಬ ಸದಸ್ಯನೂ ಇರಲಿಲ್ಲ. ಎರಡನೆಯ ವಾಚನದಲ್ಲಿ 301ಕ್ಕೆ 302, ಒಂದೇ ಮತದ ಬಹುಮತ! ಸಭೆ ವಿಸರ್ಜನೆಯಾಗಿ, ಹೊಸ ಚುನಾವಣೆ ನಡೆದು, ಮಸೂದೆ ಮತ್ತೆ ಬಂದಿತು. ಅಕ್ಟೋಬರಿನಲ್ಲಿ ಪ್ರಭುಗಳ ಸಭೆಯು ಅದನ್ನು ತಳ್ಳಿಹಾಕಿತು. ಡಾರ್ಬಿ, ನಾಟಿಂಗ್‌ಹ್ಯಾಮ್, ಬ್ರಿಸ್ಟಲ್ ನಗರಗಳಲ್ಲಿ ಜನರು ದಂಗೆಯೆದ್ದರು.

ಅದೇ 1831ರ ಅಕ್ಟೋಬರಿನಲ್ಲಿ, ನಗರದ ರೈತರ ದಂಗೆಯನ್ನು ಕಾರಣವಾಗಿ ತೋರಿಸಿ, ಗೌರ್ನರ್ ಜನರಲ್ ಬೆಂಟಿಂಕನು ಮುಮ್ಮಡಿ ಕೃಷ್ಣರಾಜ ಒಡೆಯರವರಿಂದ ಮೈಸೂರಿನ ರಾಜ್ಯಭಾರವನ್ನು ಕುಂಪಣಿಯ ವಶಕ್ಕೆ ತೆಗೆದುಕೊಂಡನು. ಆಗ ಓಲ್ಡ್ ಸೇರಮ್ಮಿನ ಇಬ್ಬರು ಸದಸ್ಯರು ಜೇಮ್ಸ್ ಅಲೆಗ್ಸಾಂಡರ್ ಮತ್ತು ಜೋಸಯಸ್ ಡು ಪ್ರೇ ಅಲೆಗ್ಸಾಂಡರ್. ಇಬ್ಬರೂ ಕಲೆಡನ್ ಪ್ರಭುವಿನ ಬಂಧುಗಳು. ಎರಡನೆಯವನು ಕುಂಪಣಿಯ ಡೈರೆಕ್ಟರುಗಳಲ್ಲಿ ಒಬ್ಬನೂ ಆಗಿದ್ದನು. ಮೈಸೂರಿನ ಒಬ್ಬ ಪ್ರಜೆಗೂ ಆ ಸಭೆಯಲ್ಲಿ ಬಾಯಿಯಿರಲಿಲ್ಲ. ಮದರಾಸಿನ ವರಹಗಳಿಂದ ಕೊಂಡ ಹುಲ್ಲುದಿಣ್ಣೆಗೆ ಎರಡು ಬಾಯಿಗಳಿದ್ದುವು.

1832ರ ಜೂನ್ 7ರಂದು ಸುಧಾರಣೆಯ ಶಾಸನಕ್ಕೆ ರಾಜಮುದ್ರೆ ಬಿದ್ದಿತು. ರದ್ದಾದ ಐವತ್ತಾರು ಕ್ಷೇತ್ರಗಳ ಪಟ್ಟಿಯಲ್ಲಿ ಓಲ್ಡ್ ಸೇರಂ ಸೇರಿತು. ಚಿಕ್ಕ ಪಿಟ್ಟನು ಸೂಚಿಸಿದ್ದ ಪರಿಹಾರದ್ರವ್ಯದ ಮಾತನ್ನು ಈ ಶಾಸನವು ಎತ್ತಲಿಲ್ಲ. ಕಲೆಡನ್ ಪ್ರಭುವಿಗೆ ಹೊಲವು ಮಾತ್ರ ಉಳಿಯಿತು. ಮೈಸೂರಿನ ರಾಜ್ಯಭಾರವು ಒಡೆಯರ ಮನೆತನಕ್ಕೆ ಹಿಂದಿರುಗಲು 1881ರವರೆಗೆ ಕಾಯಬೇಕಾಯಿತು. ಕಾನ್‌ಸ್ಟಬಲ್ ಎಂಬ ಚಿತ್ರಕಾರನು 1834ರಲ್ಲಿ ಆ ದಿಣ್ಣೆಯ ಜಲವರ್ಣಚಿತ್ರವೊಂದನ್ನು ಬರೆದನು. ಪಾರ್ಲಿಮೆಂಟು ಮರವು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಆ ಹೊಲದಲ್ಲಿ ನಿಂತಿತ್ತು.